ನೆಟ್ಟಗಿದ್ದ ಕಣ್ಣಿಗೆ ಪಟ್ಟಿ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಜೈತೂನಬಿಯ ಬಗ್ಗೆ ಎರಡು ಮಾತು ಚಾಲ್ತಿಯಲ್ಲಿದ್ದವು. ಒಂದು, ಅವಳಷ್ಟು ಬೇಗ ತುಂಬು ಬಿಡಿಸುವವರು ಇಡೀ ಪೇಟೆಯಲ್ಲಿಲ್ಲ. ಎರಡು, ಅವಳು ತಪ್ಪಿದ್ದನ್ನು ಕಂಡವರಿಲ್ಲ. ಈ ಎರಡನೆಯ ಮಾತನ್ನು ಹೆಚ್ಚಾಗಿ ಹೇಳುತ್ತಿದ್ದವಳು ಜೈತೂನಬಿಯೇ.

ತುಂಬು ಎಂದರೆ ಮೆಣಸಿನಕಾಯಿಯ ತೊಟ್ಟು. ಸುಗ್ಗಿ ಶುರುವಾಯಿತೆಂದರೆ ಡಿಸೆಂಬರಿನಿಂದ ಮೇ ತಿಂಗಳವರೆಗೆ ಊರಿನ ಎಷ್ಟೋ ಹೆಂಗಸರು ಗೋದಾಮುಗಳಲ್ಲಿ ಕೆಂಪು ರಾಶಿಯ ಸುತ್ತ ಕುಳಿತು ತುಂಬು ಬಿಡಿಸುತ್ತಾರೆ. ಜೈತೂನಬಿ ಆ ಕೆಲಸಕ್ಕೆ ಕುಳಿತು ಮೂವತ್ತೆರಡು ವರ್ಷ. ಕಾಯಿ ನೋಡಿ ನೋಡಿ ಬಿಡಿಸುವವರು ಹೊಸಬರು. ಅವಳು ನೋಡುವುದೇ ಇಲ್ಲ, ಎಲ್ಲ ಬೆರಳಿಗೇ ಗೊತ್ತು. ಬಾಯಿ ಒಂದು ಕಡೆ ಯಾರದೋ ಮನೆಯ ಸುದ್ದಿ ಆಡುತ್ತಿದ್ದರೆ ಕೈ ತನ್ನ ಪಾಡಿಗೆ ಚೀಲ ತುಂಬಿಸುತ್ತಿತ್ತು. ಐವತ್ತೈದರ ಗಟ್ಟಿ ಹೆಂಗಸು. ಗಂಡ ರಹಿಮಾನಸಾಬ ಅದೇ ಪೇಟೆಯಲ್ಲಿ ಹಮಾಲನಾಗಿದ್ದವನು, ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಅವಳ ಗದ್ದದ ಮೇಲೆ ನಾಲ್ಕು ಬಿಳಿ ಕೂದಲು ಬೆಳೆದಿದ್ದವು. ಆ ವಿಷಯ ಎತ್ತಿದವರು ಅವತ್ತು ಸಂಜೆಯವರೆಗೆ ಅವಳ ಬಾಯಿಗೆ ಸಿಕ್ಕು ಹಣ್ಣಾಗುತ್ತಿದ್ದರು.

ಅವಳದೊಂದು ಕಟ್ಟುನಿಟ್ಟಾದ ರಿವಾಜಿತ್ತು. ಕೂಸುಗಳ ಮುಖಕ್ಕೆ ಅವಳು ಕೈ ಹಚ್ಚುತ್ತಿರಲಿಲ್ಲ. ಮಗ ಮುಸ್ತಾಕ್ ಆರು ತಿಂಗಳ ಕೂಸಾಗಿದ್ದಾಗ ಒಮ್ಮೆ ಕೆಲಸದಿಂದ ಬಂದವಳೇ ಅವನ ಕಣ್ಣಿನ ಪಿಸುರು ಒರೆಸಿದ್ದಳು. ಕೈ ತೊಳೆದುಕೊಂಡಿದ್ದಳು, ಸುಳ್ಳಲ್ಲ. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಲೋಕವೆಲ್ಲ ಹೊಗಳುತ್ತದೆ. ಆ ಕಡಿಮೆ ಖಾರವೇ ಕೂಸಿನ ಕಣ್ಣಿಗೆ ಸಾಕಾಯಿತು. ಮುಸ್ತಾಕ್ ಅತ್ತ ಅಳು ಮೂರು ಓಣಿಗೆ ಕೇಳಿಸಿತು. ಅಂದಿನಿಂದ ಅವಳು ಕೂಸುಗಳನ್ನು ಎತ್ತಿಕೊಂಡರೆ ಮೊಣಕೈಯಿಂದ ಎತ್ತಿಕೊಳ್ಳುವಳು, ಮುದ್ದು ಬಂದರೆ ಮೂಗಿನಿಂದ ಕೆನ್ನೆ ಒತ್ತುವಳು. ನಮಾಜಿಗೆ ಮುಂಚೆ ವುಜೂ ಮಾಡಿ ಮುಖ ತೊಳೆಯುವಾಗಲೂ ಕಣ್ಣು ಬಿಗಿಯಾಗಿ ಮುಚ್ಚಿಕೊಳ್ಳುವುದು ರೂಢಿಯಾಗಿತ್ತು. "ನನ್ನ ಕೈಗೆ ಒಂದ ಕೆಲಸ ಬರತೈತಿ, ಅದನ್ನ ಛಲೋ ಮಾಡತೈತಿ," ಎನ್ನುತ್ತಿದ್ದಳು.

ಮುಸ್ತಾಕನ ಮಗಳು ಹುಮಾಳಿಗೆ ನಾಲ್ಕೂವರೆ ವರ್ಷ. ಅವಳ ಎಡಗಣ್ಣಿನ ಗುಡ್ಡೆ ಮೂಗಿನ ಕಡೆ ವಾಲಿತ್ತು. ಮನೆಯಲ್ಲಿ ಇದಕ್ಕೆ ಯಾರೂ ಚಿಂತೆ ಮಾಡಿರಲಿಲ್ಲ. ಚಿಂತೆಯೇನು, ಹೆಮ್ಮೆಯೇ ಇತ್ತು. ಹೆಣ್ಣುಮಗಳ ಮಾಲುಗಣ್ಣು ಮನೆಗೆ ಬರಕತ್ತು, ಏಳಿಗೆ ತರುತ್ತದೆ ಎಂದು ಹಿರಿಯರು ಹೇಳಿಕೊಂಡು ಬಂದಿದ್ದಾರೆ. ಹುಮಾ ಹುಟ್ಟಿದ ವರ್ಷವೇ ಮುಸ್ತಾಕ್ ಬೇರೆಯವರ ಗಾಡಿ ಓಡಿಸುವುದು ಬಿಟ್ಟು ಸ್ವಂತ ಗೂಡ್ಸ್ ಗಾಡಿ ಮಾಡಿಕೊಂಡಿದ್ದ. ಗಾಡಿಯ ಹಿಂದೆ ಮಗಳ ಹೆಸರು ಬರೆಸಿದ್ದ. ಅಲ್ಲಿಗೆ ಪುರಾವೆಯೂ ಸಿಕ್ಕಂತಾಯಿತು.

ಆ ಜನವರಿಯಲ್ಲಿ ಹಾವೇರಿಯ ಒಂದು ಕಣ್ಣಿನ ಆಸ್ಪತ್ರೆಯವರು ಅಂಗನವಾಡಿಗೆ ಬಂದು ಮಕ್ಕಳ ಕಣ್ಣು ನೋಡಿದರು. ಹುಮಾಳ ಎಡಗಣ್ಣು ಮುಚ್ಚಿ ಚಿತ್ರ ತೋರಿಸಿದರೆ ಆನೆ, ಮೀನು, ಛತ್ರಿ ಎಂದು ಪಟಪಟ ಹೇಳಿದಳು. ಬಲಗಣ್ಣು ಮುಚ್ಚಿದ ಕೂಡಲೇ ಅಳತೊಡಗಿದಳು. ಒಂದು ಚೀಟಿ ಬರೆದುಕೊಟ್ಟು, ಮಕ್ಕಳ ವಿಭಾಗಕ್ಕೆ ಕರೆದುಕೊಂಡು ಬರಲೇಬೇಕು ಎಂದು ಹೇಳಿ ಹೋದರು.

ಮುಸ್ತಾಕನ ಗಾಡಿಗೆ ಬಾಡಿಗೆ ಇತ್ತು. ಸೊಸೆ ನಸ್ರೀನಳಿಗೆ ಜ್ವರ. ಹೀಗಾಗಿ ಜೈತೂನಬಿ ಒಂದು ದಿನದ ಕೆಲಸ ಬಿಟ್ಟು, ಮೊಮ್ಮಗಳನ್ನು ಮೊಣಕೈಯಲ್ಲಿ ಹಿಡಿದುಕೊಂಡು ಹಾವೇರಿ ಬಸ್ಸು ಹತ್ತಿದಳು. ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ಗೋಡೆಯ ತುಂಬ ಗಿಳಿ, ಮೊಲಗಳ ಚಿತ್ರ. ನೆಲದ ಮೇಲೆ ಆಟಿಕೆ ಸಾಮಾನು. ಡಾಕ್ಟರ್ ಪ್ರಾಣೇಶ ಹುಮಾಳ ಕಣ್ಣಿಗೆ ಔಷಧಿ ಹಾಕಿಸಿ, ದೀಪ ಹಿಡಿದು, ಬಹಳ ಹೊತ್ತು ನೋಡಿದರು.

"ಕಣ್ಣು ಕೆಟ್ಟಿಲ್ಲ ಅಮ್ಮಾರ," ಎಂದರು. "ನೋಡೂದನ್ನ ಕಲ್ತಿಲ್ಲ, ಅಷ್ಟ. ಬಲಗಣ್ಣು ಛಲೋ ಅದ. ಹಿಂಗಾಗಿ ಮಿದುಳು ಅದರ ಮಾತು ಒಂದನ್ನ ಕೇಳ್ತದ, ಎಡಗಣ್ಣಿನ ಮಾತು ಕೇಳೂದನ್ನ ಬಿಟ್ಟುಬಿಟ್ಟದ. ಕಣ್ಣು ಸೀದಾ ಮಾಡೂದು ಆಮ್ಯಾಲಿನ ಮಾತು, ಮೊದಲು ಅದಕ್ಕ ನೋಡಾಕ ಕಲಿಸಬೇಕು. ಏಳೆಂಟು ವರ್ಷ ತುಂಬೂದ್ರಾಗ ಆಗಬೇಕು. ಆಮ್ಯಾಲ ಭಾಳ ಕಷ್ಟ. ಬಿಟ್ರ ಒಂದ ಕಣ್ಣಿನ ಮ್ಯಾಲ ಜೀವನ ತಗೀಬೇಕಾಗ್ತದ."

ಬರಕತ್ತಿನ ಕಣ್ಣು ಎಂದು ತಾವು ನಾಲ್ಕು ವರ್ಷ ಮೆರೆಸಿದ್ದು ಒಂದು ಕುರುಡುಗಣ್ಣನ್ನು ಎಂಬುದು ಜೈತೂನಬಿಗೆ ಅಲ್ಲೇ ಹೊಳೆಯಿತು.

ಚಷ್ಮಾ ಮತ್ತು ಪಟ್ಟಿಯ ವಿಷಯ ವಿವರಿಸಿದವಳು ಮೇಧಾ. ಮಕ್ಕಳ ದೃಷ್ಟಿ ಪರೀಕ್ಷೆ ಮಾಡುವ ಹುಡುಗಿ, ಹಾವೇರಿಯವಳೇ, ಮಾತು ಚುರುಕು. ಒಂದು ಡಬ್ಬಿ ತುಂಬ ಕಣ್ಣಿನಾಕಾರದ ಅಂಟು ಪಟ್ಟಿ ಕೊಟ್ಟು, "ದಿನಾ ಆರು ತಾಸು ಬಲಗಣ್ಣಿಗೆ ಹಚ್ಚರಿ, ಮ್ಯಾಲ ಚಷ್ಮಾ ಹಾಕ್ರಿ. ಎರಡು ತಿಂಗಳಿಗೆ ಮತ್ತ ಬರ್ರಿ," ಎಂದು ಚೀಟಿಯಲ್ಲಿಯೂ ಬರೆದುಕೊಟ್ಟಳು.

ಜೈತೂನಬಿ ತಲೆಯಾಡಿಸಿದಳು. ಬಸ್ಸಿನಲ್ಲಿ ಕುಳಿತ ಮೇಲೆ ಯೋಚನೆಗೆ ಬಿದ್ದಳು. ಕೆಟ್ಟದ್ದು ಎಡಗಣ್ಣು, ಪಟ್ಟಿ ಬಲಗಣ್ಣಿಗೆ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದಂತಾಯಿತಲ್ಲ! ಮುರಿದ ಕಾಲು ಬಿಟ್ಟು ನೆಟ್ಟಗಿದ್ದ ಕಾಲಿಗೆ ಯಾವ ಹುಚ್ಚ ಪಟ್ಟಿ ಕಟ್ಟುತ್ತಾನೆ? ಪಾಪ, ಮುಂಜಾನೆಯಿಂದ ಅಷ್ಟು ಕೂಸುಗಳನ್ನು ನೋಡಿ ನೋಡಿ ಆ ಹುಡುಗಿಗೆ ಬಾಯಿ ತಪ್ಪಿದೆ. ತನ್ನೆದುರು ಕುಳಿತವರ ಎಡ ತನಗೆ ಬಲವಾಗಿ ಕಾಣುತ್ತದೆ, ಅದರಲ್ಲೇ ಗೊಂದಲವಾಗಿರಬೇಕು. ಮೋಟೆಬೆನ್ನೂರು ದಾಟುವಷ್ಟರಲ್ಲಿ ಜೈತೂನಬಿ ಮೇಧಾಳ ತಪ್ಪನ್ನು ಮನಸ್ಸಿನಲ್ಲೇ ತಿದ್ದಿ, ಅವಳನ್ನು ಕ್ಷಮಿಸಿಯೂ ಬಿಟ್ಟಿದ್ದಳು.

ಮರುದಿನ ಪಟ್ಟಿ ಹಚ್ಚುವ ಹೊತ್ತಿಗೆ ನಸ್ರೀನ್ ಚೀಟಿ ನೋಡಿದಳು. ಹತ್ತನೇ ಇಯತ್ತೆ ಪಾಸಾದ ಹುಡುಗಿ ಅವಳು. "ಅಮ್ಮಾ, ಇದರಾಗ ಬಲಗಣ್ಣು ಅಂತ ಬರದಾರ."

"ಬರದಿರ್ತಾಳ. ಬಾಯಿ ತಪ್ಪಿದಾಕಿಗೆ ಕೈ ತಪ್ಪೂದು ಎಷ್ಟೊತ್ತಿನ ಮಾತು? ಬ್ಯಾನಿ ಇದ್ದಲ್ಲಿ ಔಷಧ. ಎಡಕ್ಕ ಹಚ್ಚು."

ಅತ್ತೆಯ ಮಾತಿಗೆ ಎದುರು ಹೇಳಿ ನಸ್ರೀನಳಿಗೆ ಗೊತ್ತಿರಲಿಲ್ಲ. ಎಡಕ್ಕೆ ಹಚ್ಚಿದಳು. ಹುಮಾ ಒಂದಿಷ್ಟೂ ಹಟ ಮಾಡಲಿಲ್ಲ. ಚಷ್ಮಾದ ಹಿಂದಿನ ಪಟ್ಟಿಯನ್ನು ಓಣಿಗೆಲ್ಲ ತೋರಿಸಿಕೊಂಡು ಬಂದಳು. ಹಟ ಏಕೆ ಮಾಡಿಯಾಳು, ಕಾಣದ ಕಣ್ಣನ್ನು ತಾನೆ ಮುಚ್ಚಿದ್ದು! ಎರಡು ತಿಂಗಳು ಒಂದು ದಿನವೂ ತಪ್ಪಲಿಲ್ಲ. ಜೈತೂನಬಿ ಪ್ರತಿ ಸಂಜೆ ಬಂದು, "ಆರು ತಾಸು ಆತೇನು?" ಎಂದು ದೂರದಿಂದಲೇ ಕೇಳುವಳು. ಆತು ಎಂದರೆ ಪೇಟೆಯಲ್ಲಿ ಹೆಂಗಸರಿಗೆಲ್ಲ ಸುದ್ದಿ ಹೇಳುವಳು.

ಮಾರ್ಚ್ ತಿಂಗಳಲ್ಲಿ ಅತ್ತೆ ಸೊಸೆ ಇಬ್ಬರೂ ಹುಮಾಳನ್ನು ಕರೆದುಕೊಂಡು ಹಾವೇರಿಗೆ ಹೋದರು. ಮೇಧಾ ಬಲಗಣ್ಣು ಮುಚ್ಚಿ ಚಿತ್ರ ತೋರಿಸಿದಳು. ಮಗು ಅತ್ತಿತು. ಇನ್ನೂ ದೊಡ್ಡ ಚಿತ್ರ ತೋರಿಸಿದಳು. ಇಲ್ಲ. ಜನವರಿಯ ಕಾಗದ ತೆಗೆದು ನೋಡಿದಳು. ಒಂದು ಸಾಲು ಕೂಡ ಮುಂದೆ ಹೋಗಿರಲಿಲ್ಲ, ಇದ್ದದ್ದೂ ಹಿಂದೆ ಸರಿದಂತಿತ್ತು. "ಪುಟ್ಟಾ, ಪಟ್ಟಿ ಯಾವ ಕಣ್ಣಿಗೆ ಹಚ್ಚಕೋತಿ? ನೀನ ತೋರಸು," ಎಂದು ಒಂದು ಹೊಸ ಪಟ್ಟಿ ಕೈಗೆ ಕೊಟ್ಟಳು.

ಹುಮಾ ಜಾಣೆಯಂತೆ ಪಟ್ಟಿಯನ್ನು ಎಡಗಣ್ಣಿಗೆ ಇಟ್ಟುಕೊಂಡಳು.

ಮೇಧಾಳ ಮುಖ ಕೆಂಪಾಯಿತು. "ಏನ್ರೀ ಇದು? ಎರಡು ತಿಂಗಳು! ಮಲಗಿದ ಕಣ್ಣನ್ನ ಮತ್ತ ಮಲಗಿಸಿಟ್ಟೀರಿ. ಹೇಳೇನಿ, ಚೀಟ್ಯಾಗ ಬರದೂ ಕೊಟ್ಟೇನಿ. ತಾಯಿ ಅದೀರಿ ನೀವು, ಓದಾಕ ಬರ್ತದಲ್ಲ ನಿಮಗ?" ಎಂದಳು. ಕೇಳಿದ್ದು ನಸ್ರೀನಳನ್ನು.

ನಸ್ರೀನ್ ತಲೆ ಬಗ್ಗಿಸಿ ನಿಂತಳು. ಅತ್ತೆಯ ಹೆಸರೆತ್ತಲಿಲ್ಲ. ಕಣ್ಣಿನಿಂದ ನೀರು ಮಾತ್ರ ಇಳಿಯುತ್ತಿತ್ತು. ಅದೊಂದು ಗಳಿಗೆ ಜೈತೂನಬಿಯೂ ಸುಮ್ಮನಿದ್ದಳು ಎಂಬುದನ್ನು ಮುಚ್ಚಿಡುವುದು ಬೇಡ. ಸುಮ್ಮನಿದ್ದರೆ ತಪ್ಪು ಸೊಸೆಯ ಮೇಲೆ ಹೋಗಿಬಿಡುತ್ತದೆ, ಊರಲ್ಲಿ ತನ್ನ ಹೆಸರು ಉಳಿಯುತ್ತದೆ. ಮೂವತ್ತೆರಡು ವರ್ಷ ಜೋಪಾನ ಮಾಡಿದ ಹೆಸರು. ಆದರೆ ಹುಮಾ ಪಟ್ಟಿಯನ್ನು ಕಣ್ಣಿಗೆ ಹಿಡಿದುಕೊಂಡೇ ಅವಳತ್ತ ಮುಖ ಮಾಡಿ, ತಾನು ಸರಿಯಾಗಿ ತೋರಿಸಿದೆನಲ್ಲ ಎಂದು ನಗುತ್ತಿದ್ದಳು. ಅದನ್ನು ನೋಡಿ ಸುಮ್ಮನಿರುವುದು ಅವಳಿಂದಾಗಲಿಲ್ಲ.

"ಆಕಿಗೆ ಬೈಬ್ಯಾಡ್ರಿ ಮೇಡಂ," ಎಂದಳು. "ಆಕಿ ಓದಿ ಹೇಳಿದ್ಲು. ನಾನ ಕೇಳಲಿಲ್ಲ. ನಿಮಗ ಬಾಯಿ ತಪ್ಪೈತಿ ಅಂದೆ, ಕೈ ತಪ್ಪೈತಿ ಅಂದೆ. ತಪ್ಪಿದ್ದು ನಾನು."

ಮೇಧಾ ಸ್ಟೂಲು ಎಳೆದು ಜೈತೂನಬಿಯನ್ನು ಕೂರಿಸಿದಳು. "ಅಮ್ಮಾರ, ನೀವು ಏನ ಕೆಲಸ ಮಾಡ್ತೀರಿ?"

"ಮೆಣಸಿನಕಾಯಿ ತುಂಬು ಬಿಡಸ್ತೇನಿ. ಗುಂಪಿನಾಗ."

"ಗುಂಪಿನಾಗ ಒಬ್ಬಾಕಿ ಭಾಳ ಚುರುಕು, ಒಬ್ಬಾಕಿ ಮೈಗಳ್ಳಿ ಇದ್ರ ಏನಾಗ್ತದ?"

"ಏನಾಗ್ತೈತಿ, ಚುರುಕ ಇದ್ದಾಕಿ ದುಡೀತಾಳ, ಮೈಗಳ್ಳಿ ಕುಂತು ಚಾ ಕುಡೀತಾಳ."

"ಚುರುಕ ಇದ್ದಾಕಿ ಒಂದು ವಾರ ರಜಾ ಹಾಕಿದ್ರ?"

ಹೋದ ವರ್ಷ ತಾನು ಬೆನ್ನು ಹಿಡಿದು ಹತ್ತು ದಿನ ಮಲಗಿದ್ದಾಗ, ಗುಂಪಿನಲ್ಲಿ ಯಾವತ್ತೂ ಕೈ ಅಲ್ಲಾಡಿಸದ ಫಕೀರವ್ವ ದಿನಕ್ಕೆ ಎರಡು ಚೀಲ ಬಿಡಿಸಿದ್ದು ಜೈತೂನಬಿಗೆ ನೆನಪಾಯಿತು. ಎಲ್ಲ ತಿಳಿಯಿತು. ತಿಳಿದದ್ದು ಎರಡು ತಿಂಗಳು ತಡವಾಗಿ.

"ಇನ್ನೂ ಟೈಮ್ ಅದ," ಎಂದಳು ಮೇಧಾ. "ಆದ್ರ ಈಗಿಂದ ಕಷ್ಟ ಶುರು. ಛಲೋ ಕಣ್ಣು ಮುಚ್ಚಿದ್ರ ಕೂಸು ಅಳ್ತದ, ಕಿತ್ತಿ ಒಗೀತದ, ಎಡವಿ ಬೀಳ್ತದ. ಕರಗಬ್ಯಾಡ್ರಿ."

ಮೇಧಾ ಹೇಳಿದ್ದು ಅಕ್ಷರಶಃ ಆಯಿತು. ಮೊದಲ ದಿನ ಹುಮಾ ಪಟ್ಟಿಯನ್ನು ಹನ್ನೊಂದು ಸಲ ಕಿತ್ತಳು. ಎರಡನೆಯ ದಿನ ಹೊಸ್ತಿಲು ಕಾಣದೆ ಬಿದ್ದು ತುಟಿ ಒಡೆದುಕೊಂಡಳು. ರಕ್ತ ನೋಡಿ ನಸ್ರೀನಳ ಜೀವ ಹಾರಿತು. ಮೂರನೆಯ ದಿನ ಮುಸ್ತಾಕ್ ಪಟ್ಟಿಯ ಡಬ್ಬಿಯನ್ನು ಮೇಲಿನ ಹಲಗೆಗೆ ಎತ್ತಿಟ್ಟ. "ಸಾಕ ಮಾಡು ಅಮ್ಮಾ. ಕೂಸಿನ ಗೋಳು ನೋಡಾಕಾಗೂದಿಲ್ಲ. ಆ ಕಣ್ಣಿನಿಂದ ನಮಗ ಗಾಡಿ ಬಂದೈತಿ, ಅದನ್ನ ಯಾಕ ಕೆಣಕತಿ?"

"ಗಾಡಿ ಬಂದದ್ದು ಬ್ಯಾಂಕಿನಿಂದ," ಎಂದಳು ಜೈತೂನಬಿ. "ಕೆಳಗ ಇಳಿಸು ಡಬ್ಬಿ."

ಆ ಸಂಜೆಯೇ ಅವಳು ನಿರ್ಧಾರ ಮಾಡಿದಳು. ಮಗ ಕರಗುತ್ತಾನೆ, ಸೊಸೆ ಕರಗುತ್ತಾಳೆ. ಕರಗದವಳು ಮನೆಯಲ್ಲಿ ಒಬ್ಬಳೇ, ತಪ್ಪು ಮಾಡಿದವಳೂ ಅವಳೇ. ಪಟ್ಟಿಯನ್ನು ತಾನೇ ಹಚ್ಚಬೇಕು, ಆರು ತಾಸು ಮುಂದೆ ಕುಳಿತು ಕಾಯಬೇಕು. ಆದರೆ ಕೈ? ಮೂವತ್ತೆರಡು ವರ್ಷದ ಖಾರ ಕುಳಿತ ಕೈ!

ಮರುದಿನ ಗೋದಾಮಿಗೆ ಹೋಗಿ, ಈ ಸುಗ್ಗಿಗೆ ತಾನು ಬರುವುದಿಲ್ಲ ಎಂದು ಹೇಳಿ ಬಂದಳು. ಸುಗ್ಗಿಯ ನಡುಮಧ್ಯ, ಕಾಯಿ ಗುಡ್ಡದಂತೆ ಬಂದು ಬೀಳುತ್ತಿದ್ದ ಕಾಲ. ಹೆಂಗಸರು ನಂಬಲಿಲ್ಲ. ಫಕೀರವ್ವ, "ಪಟ್ಟಿ ಹಚ್ಚಾಕ ಸುಗ್ಗಿ ಬಿಡ್ತಾರೇನವಾ?" ಎಂದು ನಕ್ಕಳು. "ನೀ ದುಡಿಯೂದನ್ನ ಕಲೀಲಿ ಅಂತ ಬಿಡಾಕತ್ತೇನಿ," ಎಂದು ಜೈತೂನಬಿ ಹೊರಟಳು.

ಮನೆಗೆ ಬಂದು ಕೈಗೆ ಕೊಬ್ಬರಿ ಎಣ್ಣೆ ತಿಕ್ಕಿದಳು, ಕಡಲೆಹಿಟ್ಟು ಹಚ್ಚಿ ತೊಳೆದಳು, ಮಜ್ಜಿಗೆಯಲ್ಲಿ ಅದ್ದಿಟ್ಟುಕೊಂಡಳು, ಉಗುರನ್ನು ರಕ್ತ ಬರುವಷ್ಟು ಕತ್ತರಿಸಿಕೊಂಡಳು. ಕೈ ಶುದ್ಧವಾಯಿತೇ ಇಲ್ಲವೇ ಎಂದು ನೋಡುವ ಬಗೆ ಹೇಗೆ? ಮೂಸಿದರೆ ತಿಳಿಯುವುದಿಲ್ಲ, ನೆಕ್ಕಿದರೆ ಅವಳ ನಾಲಿಗೆಗೆ ಖಾರವೇ ಹತ್ತುವುದಿಲ್ಲ. ಬೆಳಗ್ಗೆ ಎದ್ದು ತೋರುಬೆರಳನ್ನು ತನ್ನ ಕಣ್ಣಿಗೇ ಇಟ್ಟುಕೊಂಡಳು. ಬೆಂಕಿ ಬಿದ್ದಂತೆ ಉರಿಯಿತು. ಅರ್ಧ ತಾಸು ನೀರು ಎರಚಿಕೊಂಡು ಕುಳಿತಳು. ಮರುದಿನ ಮತ್ತೆ ಎಣ್ಣೆ, ಹಿಟ್ಟು, ಮಜ್ಜಿಗೆ; ಮತ್ತೆ ಬೆರಳು ಕಣ್ಣಿಗೆ. ಉರಿಯಿತು. ನಸ್ರೀನ್ ನೋಡಿ ಗಾಬರಿಯಾಗಿ, "ಅಮ್ಮಾ, ನಿಮ್ಮ ಕಣ್ಣು ಹೋದೀತು!" ಎಂದರೆ, "ನನಗ ನೋಡೂದೇನು ಉಳದೈತಿ," ಎನ್ನುವಳು. ಆರನೆಯ ದಿನ ಬರೀ ಚುರುಗುಟ್ಟಿತು. ನೋಡಿ, ಈ ಹೆಂಗಸಿನ ಹಟ ಎಂಥದು ಎಂದರೆ, ಒಂದೊಂದು ಬೆರಳಿಗೂ ಬೇರೆ ಬೇರೆ ಪರೀಕ್ಷೆ ಮಾಡಿದಳು. ಹತ್ತನೆಯ ಬೆಳಗ್ಗೆ ಹತ್ತೂ ಬೆರಳು ಪಾಸಾದವು.

ಆದರೆ ಅಷ್ಟರಲ್ಲಿ ಹುಮಾ ಮನೆಯಲ್ಲಿರಲಿಲ್ಲ. ಎಂಟನೆಯ ದಿನ ನಸ್ರೀನ್ ಮಗಳನ್ನು ಕರೆದುಕೊಂಡು ರಾಣೇಬೆನ್ನೂರಿನ ತವರಿಗೆ ಹೋಗಿದ್ದಳು. ನಾಲ್ಕು ದಿನ ಎಂದು ಹೇಳಿ ಹೋದವಳು ಫೋನಿನಲ್ಲಿ, "ಇಲ್ಲೇ ಇರ್ತೇವಿ ಅಮ್ಮಾ, ರಜಾ ಮುಗಿಯೂಮಟ," ಎಂದಳು. ಪಟ್ಟಿ ಹಚ್ಚುತ್ತೀಯಾ ಎಂದು ಕೇಳಿದರೆ, ಹಿಂದಿನಿಂದ ಅವಳ ತಾಯಿ ಮಾಸುಮಬಿಯ ದನಿ ಕೇಳಿಸಿತು: "ಬರಕತ್ತಿನ ಕಣ್ಣು, ಹಂಗ ಇರಲಿ ಬಿಡ್ರಿ ಬೀಗರ!"

ಬೀಗರ ಮನೆಯಲ್ಲಿ ಗಂಡಿನ ತಾಯಿ ಊಟ ಮಾಡಿ ಎದ್ದು ಬರಬೇಕು. ಉಳಿದರೆ ಒಂದು ರಾತ್ರಿ, ಹೆಚ್ಚೆಂದರೆ ಎರಡು. ಮೂರನೆಯ ದಿನಕ್ಕೆ ಮರ್ಯಾದೆ ಹೋಗುತ್ತದೆ. ಇದು ಜೈತೂನಬಿಯೇ ಓಣಿಯ ಹೆಂಗಸರಿಗೆ ಬುದ್ಧಿ ಹೇಳುತ್ತ ಬಂದ ಮಾತು. ಹತ್ತೂ ಬೆರಳು ಪಾಸಾದ ದಿನ ಅವಳು ಚೀಲದಲ್ಲಿ ನಾಲ್ಕು ಸೀರೆ, ನಮಾಜಿಗೆ ಹಾಸುವ ಜಾನಮಾಜು, ಪಟ್ಟಿಯ ಡಬ್ಬಿ ತುಂಬಿಕೊಂಡು ರಾಣೇಬೆನ್ನೂರಿನ ಬೀಗರ ಬಾಗಿಲಲ್ಲಿ ಹೋಗಿ ಇಳಿದಳು.

"ಬರ್ರಿ, ಕುಂದ್ರಿ," ಎಂದು ಮಾಸುಮಬಿ ಚಹಾ ಕೊಟ್ಟಳು. ಚೀಲದ ಗಾತ್ರ ನೋಡಿ, "ಎಷ್ಟ ದಿನ ಇರ್ತೀರಿ?" ಎಂದು ನಯವಾಗಿ ಕೇಳಿದಳು.

"ಕಣ್ಣು ಕಾಣೂಮಟ," ಎಂದಳು ಜೈತೂನಬಿ.

ಚಹಾ ಮುಗಿಸಿ, ಕೈ ತೊಳೆದು, ಹುಮಾಳನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಜೀವನದಲ್ಲಿ ಮೊದಲ ಸಲ ಮೊಮ್ಮಗಳ ಮುಖವನ್ನು ಎರಡೂ ಅಂಗೈಯಲ್ಲಿ ಹಿಡಿದಳು. ಇಷ್ಟು ಮೆತ್ತಗಿರುತ್ತದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಬಲಗಣ್ಣಿಗೆ ಪಟ್ಟಿ ಅಂಟಿಸಿ ಚಷ್ಮಾ ಏರಿಸಿ, ಮಗುವನ್ನು ಇಳಿಸಿ ಎರಡು ಮಾರು ಹಿಂದೆ ಸರಿದು ಕುಳಿತಳು.

ಹುಮಾ ಕೈ ಚಾಚಿದಳು. "ದಾದಿಮಾ, ಎಲ್ಲಿ ಅದೀ?"

"ಇಲ್ಲೇ ಅದೇನಿ, ನಿನ್ನ ಮುಂದ."

"ಧ್ವನಿ ಐತಿ," ಎಂದಿತು ಮಗು. "ಮಾರಿ ಇಲ್ಲ."

ಪಕ್ಕದಲ್ಲಿ ನಿಂತಿದ್ದ ನಸ್ರೀನ್ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಇಷ್ಟು ದಿನ ಆಸ್ಪತ್ರೆಯವರು ಸಾಲು, ನಂಬರು ಎಂದು ಹೇಳಿದ್ದು ಅವಳಿಗೆ ತಾಗಿರಲಿಲ್ಲ. ಮಗಳು ಹೇಳಿದ್ದು ತಾಗಿತು. ಮಾಸುಮಬಿ ಖಾಲಿ ಕಪ್ಪು ಹಿಡಿದುಕೊಂಡು ಒಳಗೆ ಹೋದಳು. ಬರಕತ್ತಿನ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ.

ಅಲ್ಲಿಂದ ಮುಂದಿನದು ಯುದ್ಧವೇ. ಹುಮಾ ಪಟ್ಟಿ ಕೀಳುವಳು, ಜೈತೂನಬಿ ಹೊಸದು ಹಚ್ಚುವಳು. ಬೈಯಲಿಲ್ಲ, ಹೊಡೆಯಲಿಲ್ಲ, ಮಿಠಾಯಿಯ ಆಸೆ ತೋರಿಸಲಿಲ್ಲ. ಹಿಡಿದರೆ ಉಡದ ಪಟ್ಟು. ಮಗುವಿಗೇ ಬೇಸರ ಬಂದು ದಿನಕ್ಕೆ ಹನ್ನೊಂದು ಇದ್ದದ್ದು ನಾಲ್ಕಕ್ಕೆ ಇಳಿಯಿತು. ಸಹಾಯಕ್ಕೆ ಬಂದವರು ಬೀಗರಾದ ಕೈಸರಸಾಬರು. ಪೇಟೆಯಲ್ಲಿ ಗಡಿಯಾರ ರಿಪೇರಿ ಮಾಡುವ ಸಾತ್ವಿಕ ಮನುಷ್ಯ. ಹೆಂಡತಿಯ ಮುಂದೆ ಮಾತು ಕಡಿಮೆ. ಅಂಗಡಿಯ ಭೂತಗನ್ನಡಿಯನ್ನು ಒಂದು ಕಣ್ಣಿಗೆ ಸಿಕ್ಕಿಸಿ, ಇನ್ನೊಂದು ಕಣ್ಣು ಮುಚ್ಚಿ, "ನೋಡವಾ, ನಾನೂ ದಿನಾ ಒಂದ ಕಣ್ಣಿನಾಗ ದುಡೀತೇನಿ," ಎಂದು ಮೊಮ್ಮಗಳ ಮುಂದೆ ಕುಳಿತರು. ಅವತ್ತು ಹುಮಾ ಎರಡೇ ಸಲ ಕಿತ್ತಳು.

ಪಟ್ಟಿ ಇದ್ದಾಗ ಮಗುವಿಗೆ ಹತ್ತಿರದ, ಸಣ್ಣ ಕೆಲಸ ಕೊಡಬೇಕು ಎಂದು ಮೇಧಾ ಹೇಳಿದ್ದಳು. ಚಿತ್ರ ತಿದ್ದುವುದು, ಮಣಿ ಪೋಣಿಸುವುದು. ಜೈತೂನಬಿಗೆ ಗೊತ್ತಿದ್ದ ಸಣ್ಣ ಕೆಲಸ ಒಂದೇ. ಮೆಣಸಿನಕಾಯಿಯನ್ನಂತೂ ಮುಟ್ಟಿಸುವಂತಿಲ್ಲ. ಸಂತೆಯಿಂದ ಚವಳಿಕಾಯಿ, ಅದೇ ಗೋರಿಕಾಯಿ, ತಂದು ಹರವಿದಳು. ಎರಡೂ ತುದಿಯ ತುಂಬು ಮುರಿಯಬೇಕು, ಕಾಯಿ ಮುರಿಯಬಾರದು. ಮೊದಮೊದಲು ಹುಮಾ ಕೈಯಿಂದ ತಡವಿ ತಡವಿ ಮುರಿಯುತ್ತಿದ್ದಳು. "ಹಂಗಲ್ಲ," ಎಂದಳು ಜೈತೂನಬಿ. ಮೂವತ್ತೆರಡು ವರ್ಷ ಹೊಸಬರಿಗೆ ನೋಡಬೇಡ, ಬೆರಳಿಗೆ ಬಿಡು ಎಂದು ಕಲಿಸಿದ ಹೆಂಗಸು, ಮೊದಲ ಬಾರಿಗೆ ತಿರುಗಿಸಿ ಹೇಳಿದಳು: "ಬೆರಳಿಗೆ ಬಿಡಬ್ಯಾಡ. ನೋಡು. ನೋಡಿ ಮುರಿ."

ದಿನವೂ ಅರ್ಧ ಕಿಲೋ ಚವಳಿಕಾಯಿ. ದಿನವೂ ಅದೇ ಪಲ್ಯ. ಹತ್ತನೆಯ ದಿನ ಕೈಸರಸಾಬರು ರೊಟ್ಟಿ ಮುರಿಯುತ್ತ, "ಬೀಗರ, ಕೂಸಿಗೆ ಬದನಿಕಾಯಿ ತುಂಬು ಬಿಡಸಾಕ ಬರೂದಿಲ್ಲೇನ್ರಿ?" ಎಂದು ಅಂಗಲಾಚಿದರು. ಮಾಸುಮಬಿ ನಕ್ಕಳು, ಜೈತೂನಬಿಯೂ ನಕ್ಕಳು. ಮರ್ಯಾದೆಯ ಮೂರು ದಿನ ಎಂದೋ ದಾಟಿ ಹೋಗಿತ್ತು, ಇಬ್ಬರು ಬೀಗಿತ್ತಿಯರು ಒಂದೇ ಚಾಪೆಯ ಮೇಲೆ ಕುಳಿತು ಕಾಯಿ ಮುರಿಯುತ್ತಿದ್ದರು. ಅವಳು ಅಲ್ಲಿದ್ದದ್ದು ಒಟ್ಟು ಇಪ್ಪತ್ತಾರು ದಿನ.

ಬ್ಯಾಡಗಿಗೆ ಮರಳಿದ ಮೇಲೆ ನಸ್ರೀನ್ ಬದಲಾದಳು. ಪಟ್ಟಿಯ ಲೆಕ್ಕಕ್ಕೆ ಗೋಡೆಯ ಕ್ಯಾಲೆಂಡರಿನಲ್ಲಿ ಗೆರೆ ಎಳೆಯತೊಡಗಿದಳು. ಮುಸ್ತಾಕ್ ಕರಗಿ ಡಬ್ಬಿಗೆ ಕೈ ಹಾಕಿದರೆ ಅತ್ತೆಗಿಂತ ಮೊದಲು ಅವಳೇ ಗದರುವಳು. ಮೇ ತಿಂಗಳ ಪರೀಕ್ಷೆಯಲ್ಲಿ ಹುಮಾ ಎರಡು ಸಾಲು ಮುಂದೆ ಹೋದಳು. ಜುಲೈಯಲ್ಲಿ ಒಂದೇ ಸಾಲು. ಸೆಪ್ಟೆಂಬರಿನಲ್ಲಿ ಏನೂ ಇಲ್ಲ, ನಿಂತಲ್ಲೇ ನಿಂತಿತು. ಆ ಎರಡು ತಿಂಗಳು, ತಾನು ಜಾಣತನದಿಂದ ಮಣ್ಣುಪಾಲು ಮಾಡಿದ ಎರಡು ತಿಂಗಳು, ಜೈತೂನಬಿಯ ಎದೆಯಲ್ಲಿ ಕಲ್ಲಿನಂತೆ ಕುಳಿತಿತ್ತು. ಮನೆಗೆ ಬಂದವಳೇ ಕೈಕಾಲು ತೊಳೆದು, ಚವಳಿಕಾಯಿ ಹರವಿದಳು.

ಡಿಸೆಂಬರ್ ಬಂತು. ಹೊಸ ಕಾಯಿಯ ಘಾಟು ಊರಿಗೆಲ್ಲ ಹಬ್ಬಿತು. ಫಕೀರವ್ವ ಮನೆಗೇ ಬಂದು ಕರೆದಳು. "ನೀ ಇಲ್ಲದ ಗುಂಪು ನಡಿಯೂದಿಲ್ಲವಾ. ನಾ ದುಡುದು ದುಡುದು ಸಾಯಾಕತ್ತೇನಿ!"

"ಹಾವೇರಿಗೆ ಹೋಗಿ ಬರ್ತೇನಿ. ಅವರು ಹ್ಞೂಂ ಅಂದ್ರ ಬರ್ತೇನಿ. ಇಲ್ಲಂದ್ರ ಇನ್ನೊಂದು ಸುಗ್ಗಿ ಹೋತು ಅಂತ ತಿಳಿ," ಎಂದಳು ಜೈತೂನಬಿ.

ಆಸ್ಪತ್ರೆಯ ಅದೇ ಗಿಳಿ, ಮೊಲಗಳ ಕೋಣೆ. ಮೇಧಾ ಹುಮಾಳ ಬಲಗಣ್ಣಿಗೆ ಪಟ್ಟಿ ಹಚ್ಚಿ, ದೂರದ ಹಲಗೆಯ ದೀಪ ಹೊತ್ತಿಸಿದಳು. ಜೈತೂನಬಿ ಗೋಡೆಯ ಪಕ್ಕದ ಬೆಂಚಿನ ಮೇಲೆ ಕುಳಿತು ಎರಡೂ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಹುಮಾ ಮೇಲಿನ ಸಾಲು ಹೇಳಿದಳು. ಮುಂದಿನದು ಹೇಳಿದಳು. ಸೆಪ್ಟೆಂಬರಿನಲ್ಲಿ ನಿಂತಿದ್ದ ಸಾಲಿಗೆ ಬಂದಾಗ ನಸ್ರೀನ್ ಅತ್ತೆಯ ತೋಳು ಹಿಡಿದುಕೊಂಡಳು. ಹುಮಾ ಆ ಸಾಲು ದಾಟಿದಳು. ಇನ್ನೊಂದು. ಮತ್ತೊಂದರಲ್ಲಿ ಅರ್ಧ ಸರಿ, ಅರ್ಧ ತಪ್ಪು.

ಡಾಕ್ಟರ್ ಪ್ರಾಣೇಶ ಕಾಗದ ನೋಡಿ, "ಛಲೋ ಬಂದದ," ಎಂದರು. "ಇನ್ನ ದಿನಾ ಎರಡು ತಾಸು ಸಾಕು. ಒಮ್ಮೆಲೇ ಬಿಟ್ರ ಹಿಂದ ಸರೀತದ, ಅದಕ್ಕ ಬಿಡಬ್ಯಾಡ್ರಿ. ಸೀದಾ ಮಾಡೂ ಆಪರೇಶನ್ ಮಾತು ಬ್ಯಾಸಿಗ್ಯಾಗ ಆಡೂಣು."

"ಎರಡು ತಾಸು ನಾ ಹಚ್ತೇನಿ ಅಮ್ಮಾ," ಎಂದಳು ನಸ್ರೀನ್. "ಬಲಗಣ್ಣಿಗೆ. ನೀವು ಕೆಲಸಕ್ಕ ಹೋಗ್ರಿ."

ಕುರ್ಚಿಯ ಮೇಲೆ ಪಟ್ಟಿ ಹಚ್ಚಿಕೊಂಡೇ ಕುಳಿತಿದ್ದ ಹುಮಾ ತಿರುಗಿ, ಕೋಣೆಯ ಈ ತುದಿಯಲ್ಲಿದ್ದ ಅಜ್ಜಿಯನ್ನು ಎಡಗಣ್ಣಿನಿಂದ ಎವೆಯಿಕ್ಕದೆ ನೋಡುತ್ತಿದ್ದಳು. ಇಳಿದು ಎರಡು ಹೆಜ್ಜೆ ಮುಂದೆ ಬಂದು ನಿಂತು, ಮತ್ತೆ ನೋಡಿದಳು.

"ದಾದಿಮಾ," ಎಂದಳು ಎಲ್ಲರಿಗೂ ಕೇಳುವಂತೆ, "ನಿನ್ನ ಗದ್ದದ ಮ್ಯಾಲ ಬಿಳೇ ಕೂದಲಾ ಅದಾವು! ಮೂರು!"

ಮೇಧಾ ನಗು ತಡೆಯಲು ಮುಖ ತಿರುಗಿಸಿದಳು. ನಸ್ರೀನ್ ಗಾಬರಿಯಿಂದ ಮಗಳ ಬಾಯಿ ಮುಚ್ಚಲು ಹೋದಳು. ಜೈತೂನಬಿ ಕೈಯೆತ್ತಿ ಅವಳನ್ನು ತಡೆದಳು. ಕಣ್ಣು ತುಂಬಿ ಬಂದು ಎದುರಿನದೆಲ್ಲ ಕಲಸಿಹೋಗಿತ್ತು. ಬರಿ ಬೆರಳಿನಿಂದ ಒರೆಸಿಕೊಂಡಳು, ಉರಿಯಲಿಲ್ಲ. ಬೆಂಚಿನಿಂದ ಮುಂದಕ್ಕೆ ಬಾಗಿ ಗದ್ದ ಚಾಚಿದಳು.

"ಖರೇನ ಮೂರ ಅದಾವೇನು? ಇನ್ನೊಮ್ಮೆ ಎಣಿಸು. ಬೆರಳು ಹಚ್ಚಬ್ಯಾಡ, ನೋಡಿ ಎಣಿಸು."

ಹುಮಾ ಹುಬ್ಬು ಗಂಟಿಕ್ಕಿ ಇನ್ನೊಮ್ಮೆ ಎಣಿಸಿದಳು. ನಾಲ್ಕಿದ್ದವು.